ಡಯಲ್ ಟೋನ್ ಕೇಳಿಸುತ್ತಿದೆಯಾ?

ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ವಿಚಿಟಾ ಅಂತ ಒಂದು ಊರಿದೆ. 1970ರ ದಶಕದಲ್ಲಿ ಅಲ್ಲಿನ ಎಷ್ಟೋ ಹೆಂಗಸರು ಮನೆಗೆ ಬಂದ ಕೂಡಲೇ ಫೋನ್ ರಿಸೀವರ್ ಎತ್ತಿ ಕಿವಿಗೆ ಹಿಡಿಯುತ್ತಿದ್ದರು. ಯಾರಿಗೂ ಫೋನ್ ಮಾಡುವುದಕ್ಕಲ್ಲ. ಡಯಲ್ ಟೋನ್, ಅಂದರೆ ಲೈನ್ ಸರಿ ಇದ್ದಾಗ ಕೇಳಿಸುವ ಗುಂಯ್ ಸದ್ದು, ಇದೆಯಾ ಅಂತ ನೋಡುವುದಕ್ಕೆ. ಟೋನ್ ಕೇಳಿಸಿದರೆ ಜೀವ ಬಂದ ಹಾಗೆ. ಕೇಳಿಸದಿದ್ದರೆ ಬಂದ ಬಾಗಿಲಲ್ಲೇ ಓಡಬೇಕು. ಯಾಕೆಂದರೆ ಆ ಊರಿನಲ್ಲಿ ಒಬ್ಬ ಕೊಲೆಗಾರ ಇದ್ದ. ಮನೆಯೊಳಗೆ ನುಗ್ಗುವ ಮೊದಲು ಅವನು ಫೋನ್ ತಂತಿ ಕತ್ತರಿಸುತ್ತಿದ್ದ.

ಅವನು ಡೆನ್ನಿಸ್ ರೇಡರ್. ತನಗೆ ತಾನೇ ಇಟ್ಟುಕೊಂಡ ಮೂರಕ್ಷರದ ಇನ್ನೊಂದು ಹೆಸರೂ ಅವನಿಗಿದೆ. ಅದನ್ನು ನಾನು ಇವತ್ತು ಹೇಳುವುದಿಲ್ಲ. ಆ ಹೆಸರು ನಾಲ್ಕು ಜನರ ಬಾಯಲ್ಲಿ ಓಡಾಡಲಿ ಅಂತಲೇ ಅವನು ಹಂಬಲಿಸಿದ್ದು.

1974ರ ಜನವರಿ 15ರಂದು ಒಂದೇ ಮನೆಯಲ್ಲಿ ನಾಲ್ಕು ಜನರನ್ನು ಕೊಂದ. ಗಂಡ, ಹೆಂಡತಿ, 11 ವರ್ಷದ ಮಗಳು, 9 ವರ್ಷದ ಮಗ. ಸ್ಕೂಲಿಂದ ವಾಪಸ್ ಬಂದ ದೊಡ್ಡ ಮಕ್ಕಳು ಮೊದಲು ನೋಡಿದ್ದು ಅಪ್ಪ ಅಮ್ಮನ ಹೆಣ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ. 1991ರ ಹೊತ್ತಿಗೆ ಸತ್ತವರು ಒಟ್ಟು 10 ಜನ.

ಇಷ್ಟು ವರ್ಷ ಅವನು ಎಲ್ಲೂ ಅಡಗಿ ಕುಳಿತಿರಲಿಲ್ಲ. ಹೆಂಡತಿ, ಇಬ್ಬರು ಮಕ್ಕಳು, ಸ್ವಂತ ಮನೆ. ಮನೆಗಳಿಗೆ ಕಳ್ಳರ ಅಲಾರಂ ಹಾಕುವ ಕಂಪನಿಯಲ್ಲಿ 14 ವರ್ಷ ಕೆಲಸ ಮಾಡಿದ. ಆಮೇಲೆ ಪಕ್ಕದ ಪಾರ್ಕ್ ಸಿಟಿಯ ಪುರಸಭೆಯಲ್ಲಿ ನೌಕರಿ. ಬೀದಿನಾಯಿ ಹಿಡಿಯುವುದು, ಮನೆ ಮುಂದಿನ ಹುಲ್ಲು ಜಾಸ್ತಿ ಬೆಳೆದಿದ್ದರೆ ಅಳತೆ ಹಿಡಿದು ನೋಟಿಸ್ ಕೊಡುವುದು. ಚರ್ಚಿನ ಆಡಳಿತ ಮಂಡಳಿಗೆ ಅಧ್ಯಕ್ಷ ಬೇರೆ. ನಮ್ಮ ಬೀದಿಯಲ್ಲೂ ಇಂಥವರು ಎದುರಾದರೆ ಕೈ ಎತ್ತಿ ನಮಸ್ಕಾರ ಮಾಡಿ ಮುಂದೆ ಹೋಗುತ್ತೇವೆ, ಅಲ್ವಾ? ನನ್ನನ್ನು ಕಾಡುವುದು ಅದೇ.

ಅವನ ದೊಡ್ಡ ಹಸಿವು ಹೆಸರಿನದು. ಪೇಪರಿನಲ್ಲಿ ತನ್ನ ಹೆಸರು ಬರಬೇಕಾದರೆ ಇನ್ನೆಷ್ಟು ಜನರನ್ನು ಕೊಲ್ಲಬೇಕು ಅಂತ 1978ರಲ್ಲಿ ಟಿವಿ ಕೇಂದ್ರಕ್ಕೆ ಪತ್ರ ಬರೆದಿದ್ದ. 1991ರ ಕೊಲೆಯ ನಂತರ ಬಹಳ ಕಾಲ ಸುಮ್ಮನಿದ್ದ. ಮೊದಲ ಕೊಲೆಗಳಿಗೆ 30 ವರ್ಷ ತುಂಬಿದಾಗ, 2004ರ ಜನವರಿಯಲ್ಲಿ, ಊರಿನ ಪತ್ರಿಕೆ ಒಂದು ಲೇಖನ ಹಾಕಿತು. ಎರಡು ತಿಂಗಳಲ್ಲಿ ಅವನ ಪತ್ರಗಳು ಮತ್ತೆ ಶುರುವಾದವು.

ಈ ಸಲ ಕೆನ್ ಲ್ಯಾಂಡ್ವೇರ್ ಎಂಬ ಪೊಲೀಸ್ ಅಧಿಕಾರಿ ಕಾದು ಕುಳಿತಿದ್ದರು. 1980ರ ದಶಕದಿಂದ ಈ ಕೇಸಿನ ಹಿಂದೆ ಬಿದ್ದವರು ಅವರು. ಪತ್ರ ಬಂದಾಗಲೆಲ್ಲ ಟಿವಿಯಲ್ಲಿ ಉತ್ತರ ಕೊಟ್ಟು ಅವನನ್ನು ಮಾತಿಗೆ ಎಳೆದರು. ಕೊನೆಗೆ ಅವನೇ ಕೇಳಿದ: ಪತ್ರವನ್ನು ಕಂಪ್ಯೂಟರಿನ ಫ್ಲಾಪಿ ಡಿಸ್ಕಿನಲ್ಲಿ ಹಾಕಿ ಕಳಿಸಿದರೆ ನನ್ನನ್ನು ಪತ್ತೆ ಹಚ್ಚಲಿಕ್ಕೆ ಆಗುತ್ತದಾ? ನಿಜ ಹೇಳಿ, ಪೇಪರಿನ ಜಾಹೀರಾತಿನಲ್ಲಿ ಉತ್ತರ ಹಾಕಿ. ಏನೂ ತೊಂದರೆಯಿಲ್ಲ ಅಂತ ಪೊಲೀಸರು ಜಾಹೀರಾತು ಹಾಕಿಸಿದರು.

2005ರ ಫೆಬ್ರವರಿ 16. ಟಿವಿ ಕೇಂದ್ರಕ್ಕೆ ಒಂದು ಲಕೋಟೆ ಬಂತು. ಒಳಗೆ ನೇರಳೆ ಬಣ್ಣದ ಫ್ಲಾಪಿ. ಅದರಲ್ಲಿ ಅಳಿಸಿ ಹಾಕಿದ್ದ ಇನ್ನೊಂದು ಕಡತದ ಗುರುತು ಉಳಿದಿತ್ತು. ಒಂದು ಚರ್ಚಿನ ಹೆಸರು, ಜೊತೆಗೆ 'ಡೆನ್ನಿಸ್' ಎಂಬ ಹೆಸರು. ಇಂಟರ್ನೆಟ್‌ನಲ್ಲಿ ಹುಡುಕಿದರೆ ಆ ಚರ್ಚಿನ ಅಧ್ಯಕ್ಷ ಡೆನ್ನಿಸ್ ರೇಡರ್. ಅವನ ಮಗಳು ಹಿಂದೆ ಕಾಲೇಜಿನ ಕ್ಲಿನಿಕ್‌ನಲ್ಲಿ ಮಾಡಿಸಿದ್ದ ಪರೀಕ್ಷೆಯ ಮಾದರಿಯನ್ನು ಪೊಲೀಸರು ಕೋರ್ಟಿನ ಆದೇಶ ಪಡೆದು ತರಿಸಿದರು. ಕೊಲೆ ನಡೆದ ಜಾಗದ ಡಿಎನ್ಎ ಜೊತೆ ಹೋಲಿಸಿದರೆ, ಕೊಲೆಗಾರ ಅವಳ ಅಪ್ಪನೇ. ಪಾಪ, ಆ ಹುಡುಗಿಗೆ ಇದೊಂದೂ ಗೊತ್ತಿರಲಿಲ್ಲ.

ಫೆಬ್ರವರಿ 25ರ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುತ್ತಿದ್ದವನನ್ನು ದಾರಿಯಲ್ಲೇ ಹಿಡಿದರು. ನನಗೆ ಯಾಕೆ ಸುಳ್ಳು ಹೇಳಿದಿರಿ ಅಂತ ಅವನು ಲ್ಯಾಂಡ್ವೇರ್‌ ಅವರನ್ನೇ ಕೇಳಿದನಂತೆ. ನಿನ್ನನ್ನು ಹಿಡಿಯಬೇಕಿತ್ತು, ಅದಕ್ಕೆ ಅಂದರು ಅವರು.

ಕ್ಯಾನ್ಸಸ್‌ನಲ್ಲಿ ಮರಣದಂಡನೆ ಮತ್ತೆ ಜಾರಿಗೆ ಬಂದದ್ದು 1994ರಲ್ಲಿ. ಅವನ ಕೊಲೆಗಳೆಲ್ಲ ಅದಕ್ಕಿಂತ ಮೊದಲಿನವು. ಹಾಗಾಗಿ ಒಂದರ ಮೇಲೊಂದು 10 ಜೀವಾವಧಿ ಶಿಕ್ಷೆ, ಕನಿಷ್ಠ 175 ವರ್ಷ ಜೈಲು.

ಶಿಕ್ಷೆ ಹೇಳುವ ದಿನ, 2005ರ ಆಗಸ್ಟ್ 18ರಂದು, ಸತ್ತವರ ಮನೆಯವರು ಒಬ್ಬೊಬ್ಬರಾಗಿ ಎದ್ದು ತಮ್ಮ ನೋವು ಹೇಳಿಕೊಂಡರು. ಆಮೇಲೆ ಅವನ ಸರದಿ. ಟಿವಿ ಕ್ಯಾಮೆರಾಗಳೆಲ್ಲ ಅವನ ಕಡೆ ತಿರುಗಿದ್ದವು. ಆದರೆ ಅವನು ಮಾತಾಡಲು ಶುರು ಮಾಡುವ ಹೊತ್ತಿಗೆ ಆ ಮನೆಯವರು ಎದ್ದು ಕೋರ್ಟಿನಿಂದ ಹೊರಗೆ ನಡೆದರು.