ಆ 0.33 ಸೆಕೆಂಡ್ ಎಲ್ಲಿ ಸಿಕ್ಕಿತು?
(ಚಿಕ್ಕಮಗಳೂರಿನಲ್ಲಿ ದೈಹಿಕ ಶಿಕ್ಷಕರು ಮತ್ತು ಕ್ರೀಡಾಪಟುಗಳ ಸಭೆಯಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ನಮ್ಮ ಮುಳ್ಳಯ್ಯನಗಿರಿಯ ನೆತ್ತಿ 1930 ಮೀಟರ್, ಊರು ಇರೋದು ಸುಮಾರು 1090ರಲ್ಲಿ. ಆಸ್ಟ್ರಿಯಾದ ಇನ್ಸ್‌ಬ್ರುಕ್ ಪಕ್ಕದ ಪಾಟ್ಶರ್‌ಕೋಫೆಲ್ ಬೆಟ್ಟದಲ್ಲಿ ಕಾಲಿಗೆ ಸ್ಕೀ ಅನ್ನೋ ಉದ್ದ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಇಳಿಯುವ 1976ರ ಒಲಿಂಪಿಕ್ ಡೌನ್‌ಹಿಲ್ ಓಟ ಶುರುವಾದದ್ದು 1950 ಮೀಟರಿನಿಂದ, ಮುಗಿದದ್ದು 1080ರಲ್ಲಿ. ಅಂದರೆ ಹತ್ತಿರಹತ್ತಿರ ಗಿರಿಯ ಗುಡಿಯಿಂದ ಊರಿನ ಮಟ್ಟಕ್ಕೆ ಇಳಿದ ಹಾಗೆ. ಆಸ್ಟ್ರಿಯಾದವನೇ ಆದ ಫ್ರಾನ್ಜ್ ಕ್ಲಾಮರ್ ಅದನ್ನು ಇಳಿದದ್ದು 1 ನಿಮಿಷ 45.73 ಸೆಕೆಂಡಿನಲ್ಲಿ, ಎರಡನೆಯವನಿಗಿಂತ 0.33 ಸೆಕೆಂಡ್ ಬೇಗ; ಚಿನ್ನ ಅವನದಾಯಿತು. ಹಿಂದಿನ ಸಾಲಿನಲ್ಲಿ ಜೀಪ್ ಓಡಿಸೋರು ನಗ್ತಿದ್ದೀರಿ, ನಗಿ. ಆದರೆ ಲೆಕ್ಕ ಸರಿಯಾಗಿದೆ.

ಕ್ಲಾಮರ್ ಹೆಸರು ಎತ್ತಿದರೆ ಸಾಕು, "ಪ್ರಾಣದ ಹಂಗು ತೊರೆದು ಗೆದ್ದ" ಅಂತಾರೆ. ಹಳದಿ ಉಡುಪು, ಗಾಳಿಯಲ್ಲಿ ಬಡಿಯುವ ಕೈಗಳು, ಇನ್ನೇನು ಬಿದ್ದ ಅನ್ನೋ ಹಾಗೆ ಒಂಟಿ ಸ್ಕೀ ಮೇಲೆ ದೇಹ. ಆ ದೃಶ್ಯ ನಿಜ. ಅದರಿಂದಲೇ ಗೆದ್ದ ಅನ್ನೋದನ್ನು ಮಾತ್ರ ನಾನು ಒಪ್ಪೋದಿಲ್ಲ. ಮಕ್ಕಳಿಗೆ ಹಾಗೆ ಹೇಳಿಕೊಟ್ಟರೆ ಅವರು ಬೀಳೋದನ್ನು ಕಲೀತಾರೆ, ಓಡೋದನ್ನಲ್ಲ.

ಗಂಟೆಗೆ ನೂರು ಕಿಲೋಮೀಟರ್ ದಾಟಿದ ಮೇಲೆ ದೊಡ್ಡ ಶತ್ರು ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಅದಕ್ಕೇ ಮಂಡಿ ಮಡಚಿ, ಬೆನ್ನು ನೆಲಕ್ಕೆ ಸಮವಾಗಿಸಿ, ಮುಷ್ಟಿ ಮುಖದ ಮುಂದೆ ಹಿಡಿದು ಕೂರೋದು. ಒಂದು ಕೈ ಅಗಲವಾದರೂ ಸಮಯ ಹೋಯಿತು. ಹಾಗಾಗಿ ಕ್ಲಾಮರ್ ಕೈ ಬಡಿದ ಜಾಗದಲ್ಲೆಲ್ಲ ಅವನು ಕಳಕೊಳ್ಳುತ್ತಲೇ ಇದ್ದ. ಎರಡನೇ ಶತ್ರು ಸ್ಕೀಯ ಅಂಚು. ಸ್ಕೀ ಮಟ್ಟಸವಾಗಿ ಹಿಮದ ಮೇಲೆ ಮಲಗಿದ್ದರೆ ಜಾರುತ್ತದೆ. ಅಂಚಿನ ಮೇಲೆ ನಿಂತರೆ ತಿರುಗುತ್ತದೆ, ಜೊತೆಗೆ ಹಿಮವನ್ನು ಕೆರೆದು ವೇಗ ತಿನ್ನುತ್ತದೆ. ಅಂಚನ್ನು ಎಷ್ಟು ಕಡಿಮೆ ಹೊತ್ತು ಒತ್ತಿದೆ, ತಿರುವಿನಿಂದ ಎಷ್ಟು ವೇಗ ಹೊತ್ತು ಹೊರಗೆ ಬಂದೆ, ನೋಡಬೇಕಾದ್ದು ಅದನ್ನು. ಇಲ್ಲಿ ರ‍್ಯಾಲಿ ಓಡಿಸೋರಿದ್ದೀರಿ, ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಈಗ ಆ ದಿನಕ್ಕೆ ಬರೋಣ. 1976ರ ಫೆಬ್ರುವರಿ 5. ಕ್ಯಾರಿಂಥಿಯಾದ ಮೂಸ್‌ವಾಲ್ಡ್‌ನ ರೈತರ ಮನೆಯ ಹುಡುಗ, ವಯಸ್ಸು 22. ಹಿಂದಿನ ಋತುವಿನಲ್ಲಿ ವಿಶ್ವಕಪ್‌ನ 9 ಡೌನ್‌ಹಿಲ್‌ಗಳಲ್ಲಿ 8 ಗೆದ್ದಿದ್ದ. ಕೈತಪ್ಪಿದ ಒಂದರಲ್ಲೂ ಆದದ್ದೇನು? ಸ್ಕೀ ಕಾಲಿನಿಂದ ಕಳಚಿಕೊಂಡಿತು. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಸಡಿಲವಿದ್ದರೆ ಬರೀ ಗಡಗಡ ಅಲುಗಾಟಕ್ಕೇ ಬಿಚ್ಚಿಕೊಳ್ಳಬಹುದು. ಬಿಗಿ ಇಟ್ಟರೆ ಬಿದ್ದಾಗ ಬಿಚ್ಚದೆ ಮೊಣಕಾಲು ತಿರುಚುತ್ತದೆ. ನಡುದಾರಿಯನ್ನು ಪ್ರತಿಯೊಬ್ಬ ಓಟಗಾರನೂ ತಾನೇ ಹುಡುಕಿಕೊಳ್ಳಬೇಕು.

ಇನ್ಸ್‌ಬ್ರುಕ್‌ಗೆ ತುದಿಯಲ್ಲಿ ತೂತಿದ್ದ ಹೊಸ ಮಾದರಿ ಸ್ಕೀ ಬಂದಿತ್ತು. ಅದನ್ನು ಬದಿಗಿಟ್ಟು ತನ್ನ ಹಳೆಯದನ್ನೇ ಕಟ್ಟಿಕೊಂಡ. ಒಬ್ಬೊಬ್ಬರಾಗಿ ಇಳಿಯುವ ಸರದಿಯಲ್ಲಿ ಅವನ ನಂಬರ್ 15. ಅಷ್ಟು ಜನ ಇಳಿದ ಮೇಲೆ ತಿರುವುಗಳಲ್ಲಿ ಹಿಮ ಕೊರೆದು ಜಾಡು ಬಿದ್ದಿರುತ್ತದೆ, ಕಾಲು ನಡುಗುತ್ತದೆ. 1972ರ ಒಲಿಂಪಿಕ್ ಚಿನ್ನ ಗೆದ್ದ ಸ್ವಿಟ್ಜರ್ಲೆಂಡಿನ ಬರ್ನ್‌ಹಾರ್ಡ್ ರುಸ್ಸಿ 3ನೆಯವನಾಗಿ ಇಳಿದು 1:46.06 ಬರೆದಿಟ್ಟಿದ್ದ. ಮೇಲಿನ ಭಾಗ ಮುಗಿಯುವಾಗ ಕ್ಲಾಮರ್ ಅವನಿಗಿಂತ ಸುಮಾರು 0.2 ಸೆಕೆಂಡ್ ಹಿಂದಿದ್ದ. ಜನ ಮೆಚ್ಚುವ ಆ ಕೈ ಬಡಿತ, ಆ ಒಂಟಿಕಾಲು, ಅದರಿಂದ ಸಿಕ್ಕ ಲಾಭ ಇಷ್ಟೇ: ಹಿಂದೆ ಬಿದ್ದದ್ದು!

ಗೆದ್ದದ್ದು ಕೆಳಗೆ, ಕೊನೆಯ ಸಾವಿರ ಮೀಟರಿನಲ್ಲಿ. ಅಲ್ಲಿ ಬೇರೆಯವರು ತುಳಿದ ಜಾಡು ಬಿಟ್ಟು ಮೇಲಿನಿಂದ, ಅಗಲವಾಗಿ ತಿರುವಿಗೆ ಬಂದ. ದಾರಿ ಕೊಂಚ ಉದ್ದವಾಯಿತು. ಆದರೆ ತಿರುಗುವ ಕೆಲಸ ಬೇಗ ಮುಗಿದು, ಹೊರಗೆ ಬರುವಾಗ ಸ್ಕೀ ನೇರವಾಗಿ, ಮಟ್ಟಸವಾಗಿ ಮಲಗಿತ್ತು. ಅಲ್ಲಿ ಹೊತ್ತು ತಂದ ವೇಗ ಕೊನೆಯ ಗೆರೆವರೆಗೂ ಕೈಬಿಡಲಿಲ್ಲ. ಹಿಂದಿದ್ದ 0.2 ತೀರಿಸಿ, ಮೇಲೆ 0.33 ಗಳಿಸಿದ. ಆ ಸರಾಸರಿ ವೇಗದಲ್ಲಿ 0.33 ಸೆಕೆಂಡ್ ಅಂದರೆ ನೆಲದ ಮೇಲೆ ಹತ್ತು ಮೀಟರಿನಷ್ಟು, ಅಷ್ಟೇ. ಧೈರ್ಯ ಬೇಕಾಯಿತು, ಒಪ್ಪಿದೆ: ತವರು ಜನರ ಎದುರು, ಹಿಂದಿದ್ದೇನೆ ಅಂತ ಅನ್ನಿಸುತ್ತಿದ್ದಾಗ, ಉದ್ದದ ದಾರಿ ಹಿಡಿಯುವ ಧೈರ್ಯ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಬೇಗ ಮುಗಿಸ್ತೇನೆ.

ದಿಬ್ಬ ಹಾರುವ ವಿಷಯ ಒಂದು ಇತ್ತು. ನೆತ್ತಿಗೆ ಬರುವ ಮೊದಲೇ ಕಾಲು ಮೇಲೆಳೆದುಕೊಳ್ಳಬೇಕು. ತಡವಾದರೆ ದಿಬ್ಬವೇ ಎತ್ತಿ ಎಸೆಯುತ್ತದೆ, ಭಾರ ಹಿಮ್ಮಡಿಗೆ ಹೋಗುತ್ತದೆ, ಗಾಳಿಯಲ್ಲಿದ್ದಷ್ಟು ಹೊತ್ತೂ ಸಮಯ ನಷ್ಟ. ಸ್ಕೀಯ ತಳಕ್ಕೆ ಹಚ್ಚುವ ಮೇಣದ ವಿಷಯ ಒಂದೇ ಮಾತು: ಕೊರೆಯುವ ಚಳಿಯ ಹಿಮಕ್ಕೆ ಗಟ್ಟಿ ಮೇಣ, ಒದ್ದೆ ಹಿಮಕ್ಕೆ ಮೆದು ಮೇಣ.

ಮುಂದಿನ ಬದುಕು ಸಲೀಸಾಗಿರಲಿಲ್ಲ. 1977ರಲ್ಲಿ ತಮ್ಮ ಕ್ಲೌಸ್ ಇಂಥದೇ ಒಂದು ಡೌನ್‌ಹಿಲ್ ಓಟದಲ್ಲಿ ಬಿದ್ದು ನಡೆಯುವ ಶಕ್ತಿ ಕಳೆದುಕೊಂಡ. 1980ರ ಒಲಿಂಪಿಕ್ ತಂಡದಲ್ಲಿ ಕ್ಲಾಮರ್‌ಗೇ ಜಾಗ ಸಿಗಲಿಲ್ಲ. ವರ್ಷಗಟ್ಟಲೆ ಗೆಲುವಿಲ್ಲ. 1981ರ ಡಿಸೆಂಬರಿನಲ್ಲಿ ವಾಲ್ ದೀಜೇರ್‌ನಲ್ಲಿ ಮತ್ತೆ ಗೆದ್ದ, 1983ರಲ್ಲಿ ಐದನೇ ಬಾರಿ ಡೌನ್‌ಹಿಲ್ ಋತುವಿನ ಪಟ್ಟ, 1984ರಲ್ಲಿ 30ರ ವಯಸ್ಸಿನಲ್ಲಿ ಕಿಟ್ಸ್‌ಬ್ಯೂಲ್ ಓಟದಲ್ಲಿ ನಾಲ್ಕನೇ ಬಾರಿ ಗೆಲುವು. ಒಟ್ಟು 25 ವಿಶ್ವಕಪ್ ಡೌನ್‌ಹಿಲ್ ಗೆಲುವು. 1985ರಲ್ಲಿ ನಿವೃತ್ತಿ.

ಮೇಷ್ಟ್ರುಗಳೇ, 1976ರ ಆ ಓಟದ ವಿಡಿಯೋ ಮಕ್ಕಳಿಗೆ ತೋರಿಸಿ. ಮೊದಲ ಸಲ ಅವರು ಕೈಗಳನ್ನೇ ನೋಡುತ್ತಾರೆ, ನೋಡಲಿ. ಎರಡನೇ ಸಲ ಕೆಳಭಾಗ ಮಾತ್ರ ಹಾಕಿ, ಸೊಂಟದ ಕೆಳಗಷ್ಟೇ ನೋಡಲು ಹೇಳಿ. ಸ್ಕೀ ಯಾವಾಗ ಅಂಚು ಬಿಟ್ಟು ಮಟ್ಟಸವಾಯಿತು ಅಂತ ಅವರೇ ಕೈ ಎತ್ತಿ ಹೇಳಲಿ.