ಪಕ್ಕದವರನ್ನು ಕರೆದು ತೋರಿಸಿ

ಕೇಳುಗರಿಗೆ ನಮಸ್ಕಾರ.

ಈ ಹೊತ್ತಿನಲ್ಲಿ ನೀವು ಏನು ಮಾಡುತ್ತಿರಬಹುದು ಅಂತ ನನಗೆ ಒಂದು ಅಂದಾಜಿದೆ. ಒಲೆಯ ಮೇಲೆ ಕುಕ್ಕರ್ ಕೂತಿದೆ. ಮಗುವಿನ ಒಂದು ಕಾಲುಚೀಲ ಸಿಗುತ್ತಿಲ್ಲ. ಆಟೋ ಸ್ಟ್ಯಾಂಡಿನಲ್ಲಿ ಯಾರೋ ರೇಡಿಯೊ ಹಾಕಿಕೊಂಡು ಗಿರಾಕಿಗೆ ಕಾಯುತ್ತಿದ್ದಾರೆ. ನಿಲಯದವರು ನನಗೆ ಕೊಟ್ಟಿರುವ ವಿಷಯ 'ನಗರ ಜೀವನದಲ್ಲಿ ವಿಜ್ಞಾನ'. ಹೆಸರು ಸ್ವಲ್ಪ ದೊಡ್ಡದಾಯಿತು. ನಾನು ಹೇಳುವುದು ಒಂದೇ ಮಾತು. ವಿಜ್ಞಾನ ನಿಮ್ಮ ಬೀದಿಯಲ್ಲೇ ಇದೆ. ಕಣ್ಣಿಗೆ ಬಿದ್ದಾಗ ಪಕ್ಕದವರನ್ನು ಕರೆದು ತೋರಿಸಿ.

ಆ ಕುಕ್ಕರನ್ನೇ ತೆಗೆದುಕೊಳ್ಳಿ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಅಂತ ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ಬೆಂಗಳೂರಿನಲ್ಲಿ ಹಾಗಿಲ್ಲ. ಈ ಊರು ಸಮುದ್ರಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಮ್ಮಿ. ಹಾಗಾಗಿ ನೀರು 97 ಡಿಗ್ರಿಗೇ ಕುದಿಯುತ್ತದೆ. ತೊಗರಿಬೇಳೆಯನ್ನು ತೆರೆದ ಪಾತ್ರೆಯಲ್ಲಿ ಇಟ್ಟರೆ ಮಂಗಳೂರಿನಲ್ಲಿ ಬೆಂದಷ್ಟು ಬೇಗ ಇಲ್ಲಿ ಬೇಯುವುದಿಲ್ಲ. ಕುಕ್ಕರಿನ ಮುಚ್ಚಳ ಆವಿಯನ್ನು ಒಳಗೇ ತಡೆಯುತ್ತದೆ, ಒತ್ತಡ ಏರುತ್ತದೆ, ನೀರಿನ ಬಿಸಿ 120 ಡಿಗ್ರಿ ಹತ್ತಿರ ಹೋಗುತ್ತದೆ. ಇವತ್ತು ಊಟಕ್ಕೆ ಕೂತಾಗ ಇದನ್ನು ಮಕ್ಕಳಿಗೆ ಹೇಳಿ. ಪುಸ್ತಕದಲ್ಲಿ 100 ಅಂತ ಇದೆಯಲ್ಲಮ್ಮ ಅಂತ ವಾದಕ್ಕೆ ಬರುತ್ತಾರೆ. ಬರಲಿ.

ಈಗ ಗವಿಪುರಕ್ಕೆ ಹೋಗೋಣ. ಗವಿ ಗಂಗಾಧರೇಶ್ವರನ ಗುಡಿ ನಿಮಗೆಲ್ಲ ಗೊತ್ತು. ಸಂಕ್ರಾಂತಿಯ ಸಂಜೆ ಐದು ದಾಟಿದ ಮೇಲೆ ಸೂರ್ಯನ ಬೆಳಕು ಕಿಂಡಿಯಿಂದ ಒಳಗೆ ಬಂದು, ನಂದಿಯ ಕೊಂಬುಗಳ ನಡುವೆ ಹಾದು, ಲಿಂಗದ ಮೇಲೆ ಬೀಳುತ್ತದೆ. ಆ ದಿನ ಕಾಲಿಡಲು ಜಾಗ ಇರುವುದಿಲ್ಲ. ಟಿವಿಯಲ್ಲಿ ನೇರ ಪ್ರಸಾರ ಬೇರೆ. ವರ್ಷಕ್ಕೊಂದೇ ಸಲ ನಡೆಯುವ ಅದ್ಭುತ ಅಂತ ನಿರೂಪಕರು ಕೂಗಿ ಕೂಗಿ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಯಾಕೆಂದರೆ ಅದು ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಇನ್ನೊಂದು ಸಲ ನವೆಂಬರ್ ಕೊನೆಗೆ. ಆಗ ಅಲ್ಲಿ ಜನವೇ ಇರುವುದಿಲ್ಲ.

ಒಂದು ವರ್ಷ ಬಸವನಗುಡಿಯ ಕಡಲೆಕಾಯಿ ಪರಿಷೆ ನವೆಂಬರ್ ಕೊನೆಗೆ ಬಂದಿತ್ತು. ತುಮಕೂರಿನಿಂದ ನನ್ನ ನಾದಿನಿ ಪರಿಷೆ ನೋಡಲು ಬಂದಿದ್ದಳು. ಅವಳು ಓದಿದ್ದು ಹತ್ತನೇ ಕ್ಲಾಸು. ಮಾತು ಮಾತ್ರ ಇಬ್ಬರು ಮೇಷ್ಟ್ರಿಗೆ ಆಗುವಷ್ಟು. ರಾಶಿಯ ಮುಂದೆ ಕೂತಿದ್ದ ಮಾರುವ ಹೆಂಗಸಿನ ಹತ್ತಿರ ಸೇರಿಗೆ ಚೌಕಾಸಿ ಮಾಡುತ್ತಾ, ಇದು ಮರದಲ್ಲಿ ಬಿಡುತ್ತೋ ಬೇರಿನಲ್ಲಿ ಬಿಡುತ್ತೋ ಅಂತ ಪಕ್ಕದಲ್ಲಿದ್ದ ಒಬ್ಬ ಹುಡುಗನನ್ನು ಕೇಳಿದಳು. ಹುಡುಗ ಬೇರು ಅಂದ. ಮಾರುವಾಕೆ ನಕ್ಕುಬಿಟ್ಟಳು. "ಬೇರಲ್ಲ ಕಣಪ್ಪ. ಹೂವು ಮೇಲೆ ಬಿಡುತ್ತೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಒಂದು ಕಡ್ಡಿ ಇಳಿದು ಮಣ್ಣಿಗೆ ಹೋಗುತ್ತೆ. ಅದರ ತುದೀಲಿ ಕಾಯಿ" ಅಂದಳು. ಇಷ್ಟು ಚೆನ್ನಾಗಿ ಯಾವ ಸಸ್ಯಶಾಸ್ತ್ರದ ಪುಸ್ತಕ ಹೇಳಿದೆ, ಹೇಳಿ? ಬೀದಿಯಲ್ಲಿ ಪಾಠ ನಡೆಯುವುದು ಅಂದರೆ ಇದು. ಅವಳಿಗೆ ಗೊತ್ತಿತ್ತು, ತೋರಿಸಿದಳು.

ನಾನು ಗಡಿಯಾರ ನೋಡಿದೆ. ನಾಲ್ಕೂವರೆ ಹತ್ತಿರ. "ಬಾರೆ, ಒಂದು ತಮಾಷೆ ತೋರಿಸ್ತೀನಿ" ಅಂತ ಆಟೋ ಹತ್ತಿಸಿ ಗವಿಪುರಕ್ಕೆ ಕರೆದುಕೊಂಡು ಹೋದೆ. ಗುಡಿಯಲ್ಲಿ ನಾಲ್ಕಾರು ಜನ ಇದ್ದರು ಅಷ್ಟೇ. ಒಂದು ಕಡೆ ನಿಂತುಕೊಂಡೆವು. ಐದಕ್ಕೆ ಮೊದಲೇ ಬೆಳಕು ಒಳಗೆ ಬಂತು. ನಂದಿಯ ಬೆನ್ನು ಹೊಳೆಯಿತು. ಆಮೇಲೆ ಕೊಂಬುಗಳ ನಡುವೆ ಹಾದು ಮುಂದೆ ಹೋಯಿತು. ನಾದಿನಿ ನನ್ನ ಕೈ ಹಿಡಿದು, "ಅತ್ತಿಗೆ, ಇವತ್ತೇನು ಸಂಕ್ರಾಂತೀನಾ?" ಅಂದಳು.

ಹೊರಗೆ ಬಂದು ಕಲ್ಲಿನ ಮೇಲೆ ಕೂತು ಹೇಳಿದೆ. ಸೂರ್ಯ ಮುಳುಗುವ ಜಾಗ ದಿನಾ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಡಿಸೆಂಬರ್ 21, 22ರವರೆಗೆ ದಕ್ಷಿಣಕ್ಕೆ ಹೋಗುತ್ತದೆ. ಆಮೇಲೆ ಉತ್ತರಕ್ಕೆ ತಿರುಗುತ್ತದೆ. ಸಂಕ್ರಾಂತಿ ಬರುವುದು ಆ ತಿರುವು ಮುಗಿದು 24 ದಿನಕ್ಕೆ. ಹಾಗಾದರೆ ತಿರುವಿಗೆ 24 ದಿನ ಮೊದಲು, ಅಂದರೆ ನವೆಂಬರ್ 27ರ ಆಸುಪಾಸು, ಸೂರ್ಯ ಅದೇ ಜಾಗದಲ್ಲಿ ಇರಲೇಬೇಕು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅಷ್ಟರಲ್ಲಿ ಒಬ್ಬ ವಯಸ್ಸಾದ ದಂಪತಿ ಹೊರಗೆ ಬಂದರು. ಇವಳು ಅವರನ್ನು ನಿಲ್ಲಿಸಿಯೇಬಿಟ್ಟಳು. "ಅಮ್ಮಾ, ಗಾಂಧಿ ಬಜಾರಿಗೆ ಹೋಗಿ ಅದೇ ರಸ್ತೇಲಿ ವಾಪಸ್ ಬಂದರೆ, ಅದೇ ಹೂವಿನಂಗಡಿ ಎರಡು ಸಲ ಸಿಗುತ್ತಲ್ವಾ? ಸೂರ್ಯನಿಗೂ ಈ ಗುಡಿ ಹಾಗೇ. ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ." ಎಷ್ಟೋ ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿದವಳು ನಾನು. ನನಗೆ ಈ ಮಾತು ಹೊಳೆದಿರಲಿಲ್ಲ! ಆ ಅಜ್ಜಿ ಗಂಡನ ಕಡೆ ತಿರುಗಿ, "ನೋಡಿ, ನಾಳೆ ಮೊಮ್ಮಗನ್ನ ಕರ್ಕೊಂಡು ಬರೋಣ" ಅಂದರು.

ಇದು ನಾನು ಕಂಡುಹಿಡಿದದ್ದಲ್ಲ. ಖಗೋಳ ವಿಜ್ಞಾನಿ ಬಿ. ಎಸ್. ಶೈಲಜಾ ಮತ್ತು ಅವರ ಜೊತೆಯವರು ಗುಡಿಯನ್ನು ಅಳೆದು, ಲೆಕ್ಕ ಹಾಕಿ, 2008ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬರೆದಿದ್ದಾರೆ. ಇನ್ನೂರು ವರ್ಷಕ್ಕೂ ಹಿಂದೆ ಇಂಗ್ಲೆಂಡಿನಿಂದ ಬಂದಿದ್ದ ಡೇನಿಯಲ್ ಎಂಬ ಚಿತ್ರಕಾರರು ಬರೆದ ಗುಡಿಯ ಚಿತ್ರಗಳನ್ನೂ ಅವರು ಹೋಲಿಸಿ ನೋಡಿದರು. ಆ ಚಿತ್ರಗಳ ಕಾಲದಿಂದ ಈಚೆಗೆ ಅಲ್ಲಿ ಹೊಸ ಗೋಡೆಗಳು ಎದ್ದಿವೆ. ಅದೊಂದು ದೊಡ್ಡ ಕಥೆ, ಇವತ್ತು ಸಮಯ ಇಲ್ಲ. ನವೆಂಬರಿನಲ್ಲಿ ಹೋಗುವವರು ಒಂದು ವಿಷಯ ನೆನಪಿಡಿ. ಆಗ ಬೆಳಕು ಸಂಕ್ರಾಂತಿಗಿಂತ 20 ನಿಮಿಷ ಮೊದಲೇ ಬರುತ್ತದೆ. ಟಿವಿಯಲ್ಲಿ ನೋಡಿದ ಹೊತ್ತಿಗೆ ಹೋದರೆ ತಪ್ಪಿಹೋಗುತ್ತದೆ.

ಲಾಲ್‌ಬಾಗಿನ ಬಂಡೆ ಬಗ್ಗೆ ಹತ್ತು ನಿಮಿಷ ಮಾತಾಡಬೇಕು ಅಂತಿದ್ದೆ. ಈಗ ಎರಡೇ ಮಾತು. ನೀವು ಬೆಳಗ್ಗೆ ವಾಕಿಂಗ್ ಮುಗಿಸಿ ಕೂರುವ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಡೈನೋಸಾರ್‌ಗಳು ಅಳಿದದ್ದು ಬರೀ ಆರೂವರೆ ಕೋಟಿ ವರ್ಷದ ಹಿಂದೆ. ಅಲ್ಲೇ ಫಲಕ ಇದೆ. ಓದುವವರು ಕಾಣೆ. ಒಬ್ಬರಿಗಾದರೂ ಜೋರಾಗಿ ಓದಿ ಹೇಳಿ. ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದ್ದೂ ಹೀಗೆ ಹೇಳುವುದಕ್ಕೇ. ವಾರಕ್ಕೊಂದು ಭಾಷಣ, ಯಾರು ಬೇಕಾದರೂ ಬಂದು ಕೂರಬಹುದು.

ಕೊನೆಗೆ ಒಂದು ಕೆಲಸ ಹೇಳುತ್ತೇನೆ, ಬರೆದುಕೊಳ್ಳಿ. ಸೂರ್ಯ ದಿನಾ ಮಧ್ಯಾಹ್ನ ನೆತ್ತಿಯ ಮೇಲೆ ಬರುತ್ತಾನೆ ಅಂತ ನಾವು ಅಂದುಕೊಂಡಿದ್ದೇವೆ. ಇಲ್ಲ. ನಮ್ಮ ಊರುಗಳಲ್ಲಿ ವರ್ಷಕ್ಕೆ ಎರಡೇ ದಿನ ನೆಟ್ಟಗೆ ನೆತ್ತಿಗೆ ಬರುತ್ತಾನೆ. ದೆಹಲಿಯವರಿಗೆ ಆ ಭಾಗ್ಯವೂ ಇಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಂದು ಸಲ ಆಯಿತು. ಮುಂದಿನದು ಈ ಆಗಸ್ಟ್ ತಿಂಗಳ 18ಕ್ಕೆ, ಮಧ್ಯಾಹ್ನ 12 ಗಂಟೆ 24 ನಿಮಿಷದ ಸುಮಾರಿಗೆ. ಮಂಗಳೂರಿನವರಿಗೂ ಹೆಚ್ಚುಕಮ್ಮಿ ಅದೇ ದಿನ, ಹೊತ್ತು ಮಾತ್ರ ಹತ್ತು ಹನ್ನೊಂದು ನಿಮಿಷ ತಡ. ಹುಬ್ಬಳ್ಳಿಯವರಿಗೆ 10, 11ಕ್ಕೇ ಬರುತ್ತದೆ. ಮೈಸೂರಿನವರು 20ರವರೆಗೆ ಕಾಯಬೇಕು. ಕಲಬುರಗಿಯವರಿಗೆ ಆಗಲೇ ಮುಗಿಯಿತು, ಮುಂದಿನ ಮೇ ತಿಂಗಳಿಗೆ ನೋಡಿ.

ಒಂದು ಲೋಟ, ಒಂದು ಡಬ್ಬಿ, ನೆಟ್ಟಗೆ ನಿಲ್ಲುವ ಯಾವುದಾದರೂ ಆದೀತು. ಸಮತಟ್ಟಾದ ಜಾಗದಲ್ಲಿ ಇಡಿ. ಹನ್ನೆರಡಕ್ಕೇ ಶುರು ಮಾಡಿ, ಐದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿ. ನೆರಳು ಕುಗ್ಗುತ್ತಾ ಬಂದು ಲೋಟದ ಕೆಳಗೇ ಅಡಗುತ್ತದೆ. ಸೂರ್ಯನನ್ನು ನೇರವಾಗಿ ನೋಡಬೇಡಿ, ನೆಲ ನೋಡಿದರೆ ಸಾಕು. ಫೋಟೊ ಆಮೇಲೆ ತೆಗೆಯಿರಿ, ಮೊದಲು ಎದುರು ಮನೆಯವರನ್ನು ಕೂಗಿ. ಇಸ್ತ್ರಿ ಅಂಗಡಿಯವರನ್ನು, ವಾಚ್‌ಮನ್ನರನ್ನು, ಆಟೋದವರನ್ನು ಕರೆಯಿರಿ. ಆಗಸ್ಟ್ ತಿಂಗಳು, ಮೋಡ ಇರಬಹುದು. ಹಾಗಾದರೆ ಮರುದಿನ ನೋಡಿ, ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ, ನನ್ನ ಸಮಯ ಆಯಿತು. ನಮಸ್ಕಾರ.