ಹಂದಿಗೋಡಿನ ಸೊಂಟನೋವು

ಕೇಳುಗರಿಗೆ ನಮಸ್ಕಾರ.

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಹಂದಿಗೋಡು ಅಂತ ಒಂದು ಊರಿದೆ. ಆ ಊರಿನ ಹೆಸರೇ ಒಂದು ಕಾಯಿಲೆಯ ಹೆಸರೂ ಆಗಿದೆ. ಸೊಂಟದ ಕೀಲು ಸವೆದುಹೋಗುವ ಕಾಯಿಲೆ ಅದು. ಕೂತವರು ಏಳಬೇಕಾದರೆ ಮೊದಲು ನೆಲಕ್ಕೆ ಕೈ ಊರಬೇಕು, ಆಮೇಲೆ ಮೊಣಕಾಲಿಗೆ, ಆಮೇಲೆ ಕೋಲಿಗೆ. ಗದ್ದೆ ನಾಟಿಗೆ ಬಗ್ಗಿಯೇ ಹೊಟ್ಟೆ ಹೊರೆಯುವವರಿಗೆ ಸೊಂಟವೇ ಕೈಕೊಟ್ಟರೆ ಗತಿಯೇನು ಹೇಳಿ.

1970ರ ದಶಕದ ನಡುವೆ ಇದು ಹೊರಜಗತ್ತಿಗೆ ಗೊತ್ತಾಯಿತು. ಆಗ ಅನುಮಾನ ಹೋದದ್ದು ಗದ್ದೆಯ ಏಡಿಯ ಮೇಲೆ. ಪೈರಿಗೆ ಹೊಡೆದ ಔಷಧಿ ಏಡಿಯ ಮೈ ಸೇರಿ, ತಿಂದವರ ಮೂಳೆ ಕೆಡಿಸಿರಬೇಕು ಅಂದುಕೊಂಡರು. ಆಮೇಲೆ ವಿಜ್ಞಾನಿಗಳು ವಂಶಾವಳಿ ಬರೆದು ನೋಡಿದರು. ಕಾಯಿಲೆ ಕೆಲವೇ ಮನೆತನಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದಿತ್ತು. ಗಂಡುಮಕ್ಕಳಿಗೂ ಬಂದಿತ್ತು, ಹೆಣ್ಣುಮಕ್ಕಳಿಗೂ ಬಂದಿತ್ತು.

ಇದು ದೊಡ್ಡ ಸುಳಿವು. ನಮ್ಮ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ, ಅಂದರೆ ಅಪ್ಪ ಅಮ್ಮನ ಗುಣ ದಾಟಿಸುವ ಜೀನುಗಳನ್ನು ಹೊತ್ತ ಎಳೆಗಳು. ಗಂಡೋ ಹೆಣ್ಣೋ ಅಂತ ತೀರ್ಮಾನಿಸುವುದು ಅದರಲ್ಲಿ ಒಂದೇ ಜೊತೆ. ಮಿಕ್ಕ 22 ಜೊತೆಗೆ ಆ ಗೊಡವೆಯಿಲ್ಲ. ಅವುಗಳಲ್ಲಿ ಒಂದೊಂದು ಜೀನೂ ಜೋಡಿಯಾಗಿರುತ್ತದೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಹಂದಿಗೋಡು ಕಾಯಿಲೆಯ ಜೀನೂ ಈ 22 ಜೊತೆಯಲ್ಲೇ ಇರಬೇಕು, ಅದರ ಜೋಡಿಯಲ್ಲಿ ಒಂದು ಕೆಟ್ಟಿದ್ದರೂ ಕಾಯಿಲೆಗೆ ಸಾಕು. ಹಾಗಾಗಿ ಅಪ್ಪ ಅಮ್ಮರಲ್ಲಿ ಒಬ್ಬರಿಗಿದ್ದರೆ, ಹುಟ್ಟುವ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ‘ದೊಡ್ಡವನಿಗೆ ಬಂತಲ್ಲ, ಇನ್ನು ಚಿಕ್ಕವನು ಪಾರು’ ಅನ್ನುವ ಹಾಗಿಲ್ಲ. ಒಂದೊಂದು ಬಸಿರಿಗೂ ನಾಣ್ಯ ಹೊಸದಾಗಿ ಚಿಮ್ಮಿದ ಹಾಗೆ.

ಥಲಸ್ಸೇಮಿಯಾ ಅಂತ ಇನ್ನೊಂದು ಕಾಯಿಲೆಯಿದೆ, ಮನೆತನದಲ್ಲಿ ಇಳಿದು ಬರುವ ರಕ್ತದ ಕಾಯಿಲೆ. ಅದರ ದಾರಿ ಬೇರೆ. ಅದರಲ್ಲೊಂದು ಬಗೆಯಾದ ಬೀಟಾ ಥಲಸ್ಸೇಮಿಯಾದ ಜೀನ್ 11ನೇ ವರ್ಣತಂತುವಿನಲ್ಲಿದೆ. ಅಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಸಂಭಾಳಿಸುತ್ತದೆ. ಅಂಥವರು ಆರಾಮಾಗಿ ಓಡಾಡಿಕೊಂಡಿರುತ್ತಾರೆ, ಅವರಿಗೇ ಗೊತ್ತಿರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಹೀಗಿದ್ದರೆ ಮಾತ್ರ ಕಷ್ಟ. ಹುಟ್ಟುವ ಮಗುವಿಗೆ ಎರಡೂ ಕೆಟ್ಟವೇ ಸಿಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಕಾಯಿಲೆ ಜೋರಾಗಿದ್ದರೆ ಆ ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು. ನಮ್ಮಲ್ಲಿ ಸೋದರಮಾವ, ಅತ್ತೆಮಗ ಅಂತ ಒಳಗೊಳಗೇ ಸಂಬಂಧ ಜಾಸ್ತಿ ಅಲ್ವಾ? ಒಬ್ಬ ಅಜ್ಜನ ಕೆಟ್ಟ ಜೀನೇ ಎರಡೂ ಕಡೆಯಿಂದ ಬಂದು ಸೇರುವುದು ಹೀಗೆ. ಮದುವೆಗೆ ಮೊದಲು ಹಿಮೋಗ್ಲೋಬಿನ್ ಎ2 ಅನ್ನುವ ರಕ್ತಪರೀಕ್ಷೆ ಮಾಡಿಸಿ. ದಯವಿಟ್ಟು ಮಾಡಿಸಿ.

ಮತ್ತೆ ಸಾಗರದ ಕಡೆಗೆ ಬರೋಣ. ‘ಆ ಮನೆಯ ಹೆಣ್ಣು ಬೇಡಪ್ಪ’ ಅನ್ನುವ ಮಾತು ಕೇಳಿದರೆ ನನಗೆ ತುಂಬ ಸಂಕಟವಾಗುತ್ತದೆ. ಅಣ್ಣನಿಗೆ ಕಾಯಿಲೆ ಇದೆ, ತಂಗಿಗೆ ಕೆಟ್ಟ ಜೀನ್ ಬಂದಿಲ್ಲ ಅಂತಿಟ್ಟುಕೊಳ್ಳಿ. ಈ ಕಾಯಿಲೆ ಅವಳೊಳಗೆ ಅಡಗಿ ಕೂರುವಂಥದ್ದಲ್ಲ. ಅವಳಲ್ಲಿಲ್ಲದ ಜೀನನ್ನು ಅವಳು ಮಕ್ಕಳಿಗೆ ಎಲ್ಲಿಂದ ಕೊಟ್ಟಾಳು?

ನಮಸ್ಕಾರ.